ಸಾಹಿತಿಯ ಭಾಷಣಕ್ಕೆ ನಮ್ಮ ದತ್ತಿ

ದೆಹಲಿಯಲ್ಲಿ ದುಡಿಯುವ ನಮ್ಮಲ್ಲಿ ಬಹುಮಂದಿಗೆ ಭಾನುವಾರವೊಂದೇ ಬಿಡುವು. ನೋಯ್ಡಾದಿಂದಲೋ ಗುರುಗ್ರಾಮದಿಂದಲೋ ಮೆಟ್ರೋ ಬದಲಾಯಿಸಿಕೊಂಡು ಸಭೆಗೆ ಬಂದವನಿಗೆ ಹಾರ, ಶಾಲು, ವಂದನಾರ್ಪಣೆಗಳಲ್ಲಿಯೇ ಹೊತ್ತು ಕಳೆದು, ಸಾಹಿತಿಯನ್ನು ಒಂದು ಮಾತು ಕೇಳುವ ಮೊದಲೇ ಸಭೆ ಮುಗಿದರೆ, ಅವನು ಮತ್ತೊಮ್ಮೆ ಬರುವನೆ? ಸಾಹಿತಿಯನ್ನು ಕರೆಸುವುದು ಹೇಗೆ, ಖರ್ಚಿಗೇನು ದಾರಿ ಎಂಬುದನ್ನು ಇಲ್ಲಿ ತುಸು ವಿವರಿಸಿದೆ.

ಇದಕ್ಕೆ ಕನ್ನಡನಾಡಿನಲ್ಲಿ ಹಳೆಯ ಏರ್ಪಾಡೊಂದುಂಟು, ಅದೇ ದತ್ತಿ. ದಾನಿಯು ಹಿರಿಯರ ನೆನಪಿಗಾಗಿ ಒಂದು ಮೊತ್ತವನ್ನು ಸಂಸ್ಥೆಗೆ ಒಪ್ಪಿಸುತ್ತಾನೆ. ಸಂಸ್ಥೆಯು ಅಸಲನ್ನು ಮುಟ್ಟದೆ ಬ್ಯಾಂಕಿನಲ್ಲಿಟ್ಟು, ಬಡ್ಡಿಯಿಂದ ಉಪನ್ಯಾಸ ನಡೆಸುತ್ತದೆ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿಯೂ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿಯೂ ಇಂಥ ದತ್ತಿ ಉಪನ್ಯಾಸಗಳು ನಡೆಯುತ್ತ ಬಂದಿವೆ.

ದೊಡ್ಡ ಮೊತ್ತವಿಲ್ಲದವರು ಕೈಕಟ್ಟಿ ಕೂರಬೇಕಿಲ್ಲ. 50 ಮಂದಿ ತಲಾ 100 ರೂಪಾಯಿ ಹಾಕಿದರೆ 5,000 ರೂಪಾಯಿಯಾಯಿತು. ಫಿರೋಜ್‌ಶಾಹ ರಸ್ತೆಯ ರವೀಂದ್ರ ಭವನದಲ್ಲಿ 1954ರಲ್ಲಿ ಸ್ಥಾಪನೆಯಾದ ಸಾಹಿತ್ಯ ಅಕಾಡೆಮಿಯಿದೆ. ಅದರ ಕೆಲಸಕ್ಕಾಗಿ ಕನ್ನಡ ಸಾಹಿತಿಗಳು ಊರಿನಿಂದ ಬರುತ್ತಿರುತ್ತಾರೆ. ಆ ಸಮಯ ನೋಡಿ, ಮುಂಚಿತವಾಗಿ ಕಾಗದ ಬರೆದು ಕೇಳಿಕೊಂಡರೆ ಪ್ರಯಾಣದ ಖರ್ಚು ಉಳಿಯುತ್ತದೆ. ಉಳಿದ ಹಣದಲ್ಲಿ ಅವರ ಪುಸ್ತಕದ ನಾಲ್ಕಾರು ಪ್ರತಿಗಳನ್ನು ಕೊಂಡು ಒಂದು ತಿಂಗಳ ಮೊದಲೇ ವಾಚನಾಲಯದ ಮೇಜಿನ ಮೇಲಿಡಬೇಕು. ಓದಿ ಬಂದವನ ಪ್ರಶ್ನೆಗೂ ಓದದೆ ಬಂದವನ ಪ್ರಶ್ನೆಗೂ ಅಂತರವುಂಟು.

ಹಣ ಕೊಟ್ಟವನ ಹಕ್ಕು ಎಲ್ಲಿಗೆ ನಿಲ್ಲಬೇಕು? ಅವನ ಹೆಸರನ್ನು ಸಭೆಯಲ್ಲಿ ಒಮ್ಮೆ ಹೇಳಿದರೆ ಸಾಕು. ಭಾಷಣಕಾರನು ಏನು ಹೇಳಬೇಕು, ಏನು ಹೇಳಬಾರದು ಎಂಬುದು ಅವನ ಪಾಲಿನದಲ್ಲ. ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು, ಜನರು ಸಾರ್ವಜನಿಕ ವಿಷಯಗಳನ್ನು ಪಕ್ಷಭೇದವಿಲ್ಲದೆ ಓದಿ, ಕೇಳಿ, ಚರ್ಚಿಸಲೆಂದು. 1970ರಲ್ಲಿ ತಮಗೆ ಅರ್ಪಿಸಿದ ಗೌರವನಿಧಿಯನ್ನೂ ಅವರು ಆ ಸಂಸ್ಥೆಗೇ ಕೊಟ್ಟರು. ದಾನವೆಂದರೆ ಹೀಗೆ, ಕೊಟ್ಟ ಮೇಲೆ ಅದು ಎಲ್ಲರದು.

ಭಾಷಣ 40 ನಿಮಿಷವಾದರೆ ಪ್ರಶ್ನೋತ್ತರಕ್ಕೂ 40 ನಿಮಿಷವಿರಲಿ. 1949ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಮ್ ತನ್ನ ಸಂಸ್ಕೃತಿ ಶಿಬಿರಗಳಲ್ಲಿ ಉಪನ್ಯಾಸದಷ್ಟೇ ಸ್ಥಾನವನ್ನು ಸಂವಾದಕ್ಕೂ ಕೊಟ್ಟಿದೆ. ಅಧ್ಯಕ್ಷರು ಮೂರು ನಿಯಮಗಳನ್ನು ಮೊದಲೇ ತಿಳಿಸತಕ್ಕದ್ದು: ಒಬ್ಬರಿಗೆ ಒಂದೇ ಪ್ರಶ್ನೆ; ಪ್ರಶ್ನೆ ಮಾತಿನ ಮೇಲೆ, ಆಡಿದವರ ಜಾತಿ ಊರುಗಳ ಮೇಲಲ್ಲ; ವಿರೋಧಿಸುವವರು ಎದುರಿನವರ ವಾದವನ್ನು ಮೊದಲು ಸರಿಯಾಗಿ ಹೇಳಿ, ಆಮೇಲೆ ಖಂಡಿಸಬೇಕು.

ಇದೇಕೆ ಇಷ್ಟು ಕಟ್ಟುಪಾಡು ಎನ್ನಬಹುದು. ಕಾವೇರಿಯ ಮಾತೋ ಬೆಳಗಾವಿಯ ಮಾತೋ ಬಂದೊಡನೆ ನಮ್ಮ ದನಿ ಏರುತ್ತದೆ. ಮರುದಿನ ಕಛೇರಿಯಲ್ಲಿ ಪಕ್ಕದ ಮೇಜಿನವರು ತಮಿಳರಿರಬಹುದು, ಮರಾಠಿಗರಿರಬಹುದು. ನಮ್ಮೊಳಗೇ ಬೀದರಿನವರು, ಮಂಗಳೂರಿನವರು, ಮೈಸೂರಿನವರು ಇದ್ದೇವೆ. ಜಗಳವಾದೀತೆಂದು ಬಾಯಿ ಮುಚ್ಚಿದರೆ ಸಭೆ ಸಪ್ಪೆ. ಬಾಯಿಗೆ ಬಂದಂತೆ ಆಡಿದರೆ ಮುಂದಿನ ಭಾನುವಾರ ಅರ್ಧ ಕುರ್ಚಿಗಳು ಖಾಲಿ. ಒಪ್ಪದಿದ್ದರೂ ಜೊತೆಗೆ ಕುಳಿತು ಕಾಫಿ ಕುಡಿದು ಮನೆಗೆ ಹೋಗುವುದನ್ನು ಕಲಿತೆವಾದರೆ, ನಾವು ಹಾಕಿದ ನೂರು ರೂಪಾಯಿಗೆ ಬಡ್ಡಿ ಬಂದಂತೆಯೇ ಸರಿ.