ಶಾಲೆಯಿಂದ ಬಂದ ಚೀಟಿ

ಕಳೆದ ವರ್ಷ ರಾಗಿ ಬಿತ್ತನೆಯ ಕಾಲದಲ್ಲಿ ಕೆಂಗೇರಿ ಹೋಬಳಿಯ ದೊಡ್ಡ ಆಲದಮರದ ಆಚೆಯ ಹಳ್ಳಿಯೊಂದರಲ್ಲಿ ರೈತರೊಬ್ಬರ ಮನೆಗೆ ಹೋಗಿದ್ದೆ. ಬೀಜೋಪಚಾರದ ಮಾತು ನಡೆದಿತ್ತು. ಮನೆಯಾಕೆ ಅವರೆ ಬೀಜದ ಪೊಟ್ಟಣ ತಂದಿಟ್ಟರು. ಬಿಚ್ಚಿ ನೋಡಿದರೆ ಅದು ಶಾಲೆಯಿಂದ ಬಂದ ಚೀಟಿ. ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲು ಅದರಲ್ಲಿ ತಿಳಿಸಿತ್ತು. ಕೊನೆಯ ದಿನ ಕಳೆದು ಎಂಟು ದಿನವಾಗಿತ್ತು.

"ನಮಗೆ ಓದೋಕೆ ಬರಲ್ಲ ಸ್ವಾಮಿ, ಮಗಳು ಬರೆದು ಬಿಟ್ಟ ಕಾಗದ ಅಂದ್ಕೊಂಡೆ" ಎಂದರು ಆಕೆ. ಅದೇ ಸಮಾಚಾರ ಮೊಬೈಲಿಗೂ ಬಂದಿತ್ತಂತೆ. ಆದರೆ ಆ ಫೋನು ಯಜಮಾನರ ಜೇಬಿನಲ್ಲಿ ತರಕಾರಿ ಮಾರುಕಟ್ಟೆಯಲ್ಲಿತ್ತು.

ನವೋದಯದ ಪರೀಕ್ಷೆಯನ್ನು ಮಗು 5ನೆಯ ತರಗತಿಯಲ್ಲಿರುವಾಗ ಒಂದೇ ಸಲ ಬರೆಯಬಹುದು, ಮರುವರ್ಷ ಅವಕಾಶವಿಲ್ಲ. ತೇರ್ಗಡೆಯಾದರೆ 6ರಿಂದ 12ನೆಯ ತರಗತಿಯವರೆಗೆ ವಸತಿಶಾಲೆಯಲ್ಲಿ ಓದು. ಶೇಕಡಾ 75ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಹಳ್ಳಿಯ ಮಕ್ಕಳಿಗೇ ಮೀಸಲು. ಆ ಹುಡುಗಿ ಕಂಬ ಹಿಡಿದು ನಿಂತು ಎಲ್ಲವನ್ನೂ ಕೇಳುತ್ತಿದ್ದಳು.

ಹಾಲಿನ ಡೈರಿಯ ಪುಸ್ತಕವನ್ನು ತಾವು ಗೋಡೆಯ ಗೂಡಿನಲ್ಲಿ ಎಷ್ಟು ಜೋಪಾನವಾಗಿ ಇಡುತ್ತೀರಿ! ಶಾಲೆಯ ಚೀಟಿಗೂ ಅದೇ ಗೂಡು ಇರಲಿ. ಪ್ರತಿ ಶನಿವಾರ ಸಂಜೆ ಆ ವಾರದ ಚೀಟಿ, ನೋಟ್‌ಬುಕ್ಕು, ಮೊಬೈಲಿನ ಸಮಾಚಾರ ಎಲ್ಲವನ್ನೂ ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳಿ. ತಮಗೆ ಅಕ್ಷರ ಬರಬೇಕೆಂದೇನೂ ಇಲ್ಲ. ಮಗು ತಡವರಿಸುವ ಕಡೆ ಗುರುತು ಹಾಕಿಸಿ, ಸೋಮವಾರ ಮೇಷ್ಟ್ರನ್ನೋ ಟೀಚರಮ್ಮನನ್ನೋ ಕೇಳಲು ಹೇಳಿದರಾಯಿತು.

ಇನ್ನು ಮನೆಪಾಠದ ವಿಷಯ. 1 ಮತ್ತು 2ನೆಯ ತರಗತಿಯ ಮಕ್ಕಳಿಗೆ ಮನೆಪಾಠ ಕೊಡಬಾರದೆಂದು 2019ರಲ್ಲಿ ರಾಜ್ಯ ಸರ್ಕಾರ ಆಜ್ಞೆ ಮಾಡಿದೆ. "ಏನೂ ಬರೆಯಲು ಕೊಡುವುದಿಲ್ಲ, ಇದೆಂಥ ಶಾಲೆ" ಎಂದು ಕೆಲವರು ಗೊಣಗುವುದನ್ನು ಕೇಳಿದ್ದೇನೆ. ಅದು ತಪ್ಪು ತಿಳಿವಳಿಕೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಮಾಡಿ, ಏಣಿಯ ಮೆಟ್ಟಿಲಿನಂತೆ ಜೋಡಿಸಿದ್ದಾರೆ. ಪ್ರತಿ ಕಾರ್ಡಿಗೂ ಚಿತ್ರದ ಗುರುತುಂಟು. ಮಗು ತನ್ನ ಮೆಟ್ಟಿಲನ್ನು ತಾನೇ ಹುಡುಕಿಕೊಂಡು ಕಲಿಯುತ್ತದೆ. "ಈ ವಾರ ಯಾವ ಚಿತ್ರದ ಕಾರ್ಡು ಮುಗಿಸಿದೆ ಮಗಾ?" ಎಂದು ಕೇಳಿ; ಅಕ್ಷರ ಬಾರದ ತಾಯಿಗೂ ಲೆಕ್ಕ ಸಿಗುತ್ತದೆ. ಶಾಲೆಗೆ ಹೋದಾಗ ತಲೆಯ ಮೇಲೆ ಕಟ್ಟಿರುವ ಕಲಿಕಾ ಚಪ್ಪರ ನೋಡಿ, ತಮ್ಮ ಮಗುವಿನ ಬರಹ ಅಲ್ಲೇ ತೂಗಾಡುತ್ತಿರುತ್ತದೆ. ಮಳೆಯೋ ಬಿಸಿಲೋ ಎಂದು ಮಕ್ಕಳೇ ಗುರುತು ಹಾಕುವ ಹವಾಮಾನ ನಕ್ಷೆಯೂ ಇರುತ್ತದೆ. ನಾನಂತೂ ಅದನ್ನು ನೋಡದೆ ಹೊರಗೆ ಬರುವುದಿಲ್ಲ.

ಅವರೆಕಾಯಿ ಬಿಡಿಸುವ ಕಾಲಕ್ಕೆ ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವುದು ನಮ್ಮ ಕಡೆ ಉಂಟು. ನಲಿ-ಕಲಿ ತರಗತಿಯ ಮಗು ಹತ್ತು ದಿನ ತಪ್ಪಿಸಿದರೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 4ನೆಯ ತರಗತಿಯಿಂದ ಹಾಗಲ್ಲ, ಪಾಠ ಮುಂದೆ ಹೋಗಿಬಿಟ್ಟಿರುತ್ತದೆ. ತಪ್ಪಿಸದಿರುವುದೇ ಸರಿ, ತಪ್ಪಿಸಿದ್ದಾದರೆ ಅಂದೇ ಸಂಜೆ ಪಕ್ಕದ ಮನೆಯ ಮಗುವಿನ ಪುಸ್ತಕ ತರಿಸಿ ಬರೆಸಿ.

ದೊಡ್ಡ ತರಗತಿಯ ಮನೆಪಾಠವನ್ನು ತಾವಾಗಲಿ ಅಣ್ಣನಾಗಲಿ ಬರೆದುಕೊಡಬೇಡಿ. ಮೇಷ್ಟ್ರಿಗೆ ಮಗುವಿನ ತಪ್ಪೇ ಬೇಕಾದದ್ದು. ಅದನ್ನು ನೋಡಿದರೆ ತಾನೇ ಎಲ್ಲಿ ಮತ್ತೆ ಹೇಳಿಕೊಡಬೇಕೆಂದು ತಿಳಿಯುವುದು? ಲೆಕ್ಕಕ್ಕೆ ನಮ್ಮ ಹೊಲ ಸಾಲದೇ! 33 ಅಡಿ ಉದ್ದ, 33 ಅಡಿ ಅಗಲ ಹಗ್ಗ ಹಿಡಿಸಿ. 1089 ಚದರ ಅಡಿ, ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ವಿಸ್ತೀರ್ಣವೆಂದರೆ ಏನೆಂದು ಮಗು ಆಮೇಲೆ ಮರೆಯುವುದಿಲ್ಲ.

ಈ ಸಲ ಬಿತ್ತನೆಗೆ ಮತ್ತೆ ಅದೇ ಮನೆಗೆ ಹೋಗಿದ್ದೆ. ಹುಡುಗಿಯ ತಮ್ಮ ಈಗ 5ನೆಯ ತರಗತಿ. ಅರ್ಜಿಯ ಕೊನೆಯ ದಿನವನ್ನು ಅವಳೇ ಅಡಿಗೆಮನೆಯ ಗೋಡೆಯ ಮೇಲೆ ಇದ್ದಲಿನಲ್ಲಿ ದಪ್ಪಕ್ಷರದಿಂದ ಬರೆದಿದ್ದಳು. ಅರ್ಜಿ ಹಾಕಿ ಆಗಲೇ ನಾಲ್ಕು ದಿನವಾಗಿತ್ತು.