ಕುತಂತ್ರಾಂಶ ಅನುಸ್ಥಾಪಕಗಳ ಪತ್ತೆ

ಕುತಂತ್ರಾಂಶ ಅನುಸ್ಥಾಪಕಗಳ ಪತ್ತೆ ಎಂದರೆ ಕಚೇರಿಯ ಗಣಕಯಂತ್ರಗಳಿಗೆ ತಂತ್ರಾಂಶವನ್ನು ಅಳವಡಿಸುವ ಇನ್‌ಸ್ಟಾಲರ್ ಕಡತಗಳಲ್ಲಿ ಅಡಗಿರುವ ಹಾನಿಕಾರಕ ಸಂಕೇತವನ್ನು ಗುರುತಿಸುವ ಕಾರ್ಯ. ಇಂತಹ ಕಡತಗಳು ಬಹುಪಾಲು ನಿರ್ವಾಹಕರ ಅಧಿಕಾರದೊಂದಿಗೆ ಚಾಲನೆಗೊಳ್ಳುತ್ತವೆ. ಆದ್ದರಿಂದ ಅವುಗಳೊಳಗಿನ ಕುತಂತ್ರಾಂಶಕ್ಕೂ ಅದೇ ಅಧಿಕಾರ ದೊರೆಯುತ್ತದೆ.

ವಿಧಾನಗಳು

ಮೊದಲನೆಯದು ಡಿಜಿಟಲ್ ಸಹಿಯ ಪರಿಶೀಲನೆ. ಕಡತವನ್ನು ಯಾರು ಪ್ರಕಟಿಸಿದರು, ಸಹಿಯ ನಂತರ ಅದು ಬದಲಾಗಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯದು, ಕಡತದ ಎಸ್‌ಎಚ್‌ಎ-256 ಹ್ಯಾಶ್ ಮೌಲ್ಯವನ್ನು ತಯಾರಕರು ಪ್ರಕಟಿಸಿದ ಮೌಲ್ಯದೊಂದಿಗೆ ಹೋಲಿಸುವುದು. ಮೂರನೆಯದು, ಸ್ಯಾಂಡ್‌ಬಾಕ್ಸ್ ಎಂಬ ಪ್ರತ್ಯೇಕ ಪರಿಸರದಲ್ಲಿ ಕಡತವನ್ನು ಚಲಾಯಿಸಿ ಅದರ ವರ್ತನೆಯನ್ನು ಗಮನಿಸುವುದು. ಅನುಸ್ಥಾಪಕವು ಅನಿರೀಕ್ಷಿತವಾಗಿ ಪವರ್‌ಶೆಲ್ ಆರಂಭಿಸಿದರೆ ಅಥವಾ ಅಪರಿಚಿತ ಸರ್ವರ್ ಅನ್ನು ಸಂಪರ್ಕಿಸಿದರೆ ಅದು ಸಂಶಯಾಸ್ಪದ.

ಸಿಕ್ಲೀನರ್ ಪ್ರಕರಣ

2017ರ ಆಗಸ್ಟ್ 15ರಂದು ಬಿಡುಗಡೆಯಾದ ಸಿಕ್ಲೀನರ್ 5.33 ಆವೃತ್ತಿಯಲ್ಲಿ ದಾಳಿಕೋರರು ಕುತಂತ್ರಾಂಶವನ್ನು ಸೇರಿಸಿದ್ದರು. ತಯಾರಕರ ವ್ಯವಸ್ಥೆಯೊಳಗೇ ಅದು ಸೇರಿದ್ದರಿಂದ ಕಡತದ ಮೇಲೆ ಸಿಂಧುವಾದ ಸಹಿಯೇ ಇತ್ತು. ಸುಮಾರು 22.7 ಲಕ್ಷ ಬಳಕೆದಾರರಿಗೆ ಈ ಆವೃತ್ತಿ ತಲುಪಿತ್ತು. ಅದು ಗಣಕದ ಹೆಸರು, ಅಳವಡಿಸಿದ ತಂತ್ರಾಂಶಗಳ ಪಟ್ಟಿ ಮೊದಲಾದ ವಿವರಗಳನ್ನು ದೂರದ ಸರ್ವರ್‌ಗೆ ಕಳುಹಿಸುತ್ತಿತ್ತು. ಎರಡನೆಯ ಹಂತದ ಕುತಂತ್ರಾಂಶವನ್ನು ಆಯ್ದ ತಂತ್ರಜ್ಞಾನ ಮತ್ತು ದೂರಸಂಪರ್ಕ ಸಂಸ್ಥೆಗಳ ಸುಮಾರು 40 ಗಣಕಗಳಿಗೆ ಮಾತ್ರ ಕಳುಹಿಸಲಾಗಿತ್ತು. ಸಿಸ್ಕೊ ಸಂಸ್ಥೆಯ ಟ್ಯಾಲೋಸ್ ತಂಡವು ಸೆಪ್ಟೆಂಬರ್ 18ರಂದು ಇದರ ವಿಶ್ಲೇಷಣೆಯನ್ನು ಪ್ರಕಟಿಸಿತು.

ಮಿತಿಗಳು

ಸಹಿಯು ಕಡತದ ಮೂಲವನ್ನು ದೃಢಪಡಿಸುತ್ತದೆಯೇ ಹೊರತು ಅದರ ಉದ್ದೇಶವನ್ನಲ್ಲ. ತಯಾರಕರ ಬಳಿಯೇ ಕಡತ ಕೆಟ್ಟಿದ್ದರೆ ಹ್ಯಾಶ್ ಹೋಲಿಕೆಯೂ ನಿಷ್ಫಲ. ಆದ್ದರಿಂದ ಅನುಮೋದಿತ ತಂತ್ರಾಂಶಗಳ ಪಟ್ಟಿಯನ್ನು ಪಾಲಿಸುವ ಕಚೇರಿಗಳಲ್ಲಿಯೂ ಅಳವಡಿಕೆಯ ನಂತರದ ನಿಗಾ ಅವಶ್ಯಕ.