ಗ್ರಾಮಸಭೆಯ ಪರದೆಯಲ್ಲಿ ಚಿತ್ರ ಕದಡುವುದು: ಪ್ರೊಜೆಕ್ಟರ್ ಕೇಬಲ್ ದೋಷಗಳನ್ನು ಪತ್ತೆ ಹಚ್ಚಿ ಸರಿಪಡಿಸುವ ಕ್ರಮ



ಫಲಾನುಭವಿಗಳ ಪಟ್ಟಿ, ಕ್ರಿಯಾ ಯೋಜನೆ, ಜಮಾ-ಖರ್ಚಿನ ವಿವರ ಇವುಗಳನ್ನು ಪ್ರೊಜೆಕ್ಟರ್ ಮೂಲಕ ಪರದೆಯ ಮೇಲೆ ತೋರಿಸಿ ಚರ್ಚಿಸುವ ಪದ್ಧತಿ ಇಂದು ಅನೇಕ ಗ್ರಾಮ ಪಂಚಾಯತಿಗಳಲ್ಲಿ ರೂಢಿಗೆ ಬಂದಿದೆ. ಓದಿ ಹೇಳಿದ ಪಟ್ಟಿಗಿಂತ ಕಣ್ಣಿಗೆ ಕಂಡ ಪಟ್ಟಿಯ ಮೇಲೆ ಜನರಿಗೆ ನಂಬಿಕೆ ಹೆಚ್ಚು. ಆದರೆ ವಸತಿ ಯೋಜನೆಯ ಹೆಸರುಗಳು ಪರದೆಯ ಮೇಲೆ ಸಾಗುತ್ತಿರುವಾಗಲೇ ಚಿತ್ರ ಕದಡಿ, ಪಟ್ಟೆಗಳೆದ್ದು, ಪರದೆ ಕಪ್ಪಾಯಿತೆಂದು ಭಾವಿಸಿರಿ. ದೋಷವಿರುವುದು ಒಂದು ಕೇಬಲ್ಲಿನಲ್ಲಿ. ಅನುಮಾನ ಮೂಡುವುದು ಸಭೆಯನ್ನು ನಡೆಸುವವರ ಮೇಲೆ. ಹೆಸರುಗಳನ್ನು ಮರೆಮಾಚಲು ಹೀಗೆ ಮಾಡಿದರೆಂಬ ಮಾತು ಒಮ್ಮೆ ಹೊರಬಿದ್ದರೆ ಅದನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಇದರೊಂದಿಗೆ ಸಾರ್ವಜನಿಕ ಹಣದ ಪ್ರಶ್ನೆಯೂ ಇದೆ. ಚಿತ್ರ ಕೆಟ್ಟ ಕೂಡಲೇ ಪ್ರೊಜೆಕ್ಟರೇ ಹಾಳಾಯಿತೆಂದು ನಿರ್ಧರಿಸಿ ಹೊಸದರ ಖರೀದಿಗೆ ಠರಾವು ಮಂಡಿಸುವುದುಂಟು. ಹೊಸ ಯಂತ್ರ ಬಂದ ಮೇಲೂ ಹಳೆಯ ಕೇಬಲ್ಲಿನಲ್ಲಿ ಅದೇ ಪಟ್ಟೆಗಳು ಮರಳುತ್ತವೆ. ಆದುದರಿಂದ ದೋಷವು ಎಲ್ಲಿದೆಯೆಂಬುದನ್ನು ಕ್ರಮವಾಗಿ ಪತ್ತೆ ಹಚ್ಚುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಮನೆಯಲ್ಲಿ ಪ್ರೊಜೆಕ್ಟರ್ ಬಳಸುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ.

1. ಎರಡು ಬಗೆಯ ಕೇಬಲ್, ಎರಡು ಬಗೆಯ ದೋಷ

ನಮ್ಮ ಸಭಾಂಗಣಗಳಲ್ಲಿ ಸಾಮಾನ್ಯವಾಗಿ ಎರಡು ವಿಧದ ಕೇಬಲ್‌ಗಳಿವೆ. ಮೊದಲನೆಯದು ವಿಜಿಎ. 1987ರಲ್ಲಿ ಐಬಿಎಂ ಸಂಸ್ಥೆಯು ಬಳಕೆಗೆ ತಂದ ಈ ಪದ್ಧತಿಯಲ್ಲಿ ಮೂರು ಸಾಲುಗಳಲ್ಲಿ 15 ಪಿನ್‌ಗಳ ಜೋಡಣೆಯಿದ್ದು, ಎರಡು ಬದಿಗೆ ತಿರುಪುಗಳಿರುತ್ತವೆ. ಕೆಂಪು, ಹಸಿರು, ನೀಲಿ ಬಣ್ಣಗಳು ಪ್ರತ್ಯೇಕ ತಂತಿಗಳಲ್ಲಿ ಏರಿಳಿಯುವ ವೋಲ್ಟೇಜ್ ರೂಪದಲ್ಲಿ ಹರಿಯುತ್ತವೆ. ಹೊರಗಿನ ಯಾವುದೇ ವಿದ್ಯುತ್ ಕಲಬೆರಕೆ ಆ ವೋಲ್ಟೇಜಿಗೆ ಸೇರಿದರೆ ಅದು ನೇರವಾಗಿ ಚಿತ್ರದಲ್ಲಿ ಕಾಣುತ್ತದೆ.

ಎರಡನೆಯದು ಎಚ್‌ಡಿಎಂಐ. ಇದರ ಮೊದಲ ಆವೃತ್ತಿ 2002ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಇದರಲ್ಲಿ ಸಾಮಾನ್ಯವಾಗಿ 19 ಪಿನ್‌ಗಳ ಚಪ್ಪಟೆ ಜೋಡಣೆಯಿದ್ದು, ಚಿತ್ರವು ಸೊನ್ನೆ ಮತ್ತು ಒಂದರ ಅಂಕಿ ರೂಪದಲ್ಲಿ ಸಾಗುತ್ತದೆ. ಅಲ್ಪಸ್ವಲ್ಪ ಕಲಬೆರಕೆಯಾದರೂ ಸೊನ್ನೆಯನ್ನು ಸೊನ್ನೆಯೆಂದೂ ಒಂದನ್ನು ಒಂದೆಂದೂ ಗುರುತಿಸಲು ಸಾಧ್ಯವಾಗುವವರೆಗೆ ಚಿತ್ರ ಸ್ವಚ್ಛವಾಗಿಯೇ ಇರುತ್ತದೆ. ಆ ಮಿತಿ ದಾಟಿದರೆ ಮಾತ್ರ ಚುಕ್ಕೆಗಳು ಮಿನುಗುತ್ತವೆ ಅಥವಾ ಪರದೆ ಪೂರ್ತಿ ಕಪ್ಪಾಗುತ್ತದೆ.

ವಿಜಿಎ ಕೇಬಲ್ಲಿನ ಕೆಡುಕು ಕೆರೆಯ ನೀರು ಮೆಲ್ಲಗೆ ಬಗ್ಗಡವಾದಂತೆ. ಎಚ್‌ಡಿಎಂಐ ಕೇಬಲ್ಲಿನ ಕೆಡುಕು ಕೆರೆಯ ಏರಿ ಒಡೆದಂತೆ. ಆದುದರಿಂದ ನಿನ್ನೆಯವರೆಗೆ ಚೆನ್ನಾಗಿದ್ದ ಎಚ್‌ಡಿಎಂಐ ಚಿತ್ರ ಇಂದು ಏಕಾಏಕಿ ನಿಂತುಹೋಗುವುದರಲ್ಲಿ ಆಶ್ಚರ್ಯವಿಲ್ಲ. ಅದು ಮೊದಲಿನಿಂದಲೇ ಅಂಚಿನಲ್ಲಿದ್ದಿರಬಹುದು.

2. ಮೊದಲು ದೋಷದ ಸ್ಥಳವನ್ನು ಗುರುತಿಸುವುದು

ದುರಸ್ತಿಗೆ ಕೈ ಹಾಕುವ ಮೊದಲು ದೋಷವಿರುವುದು ಲ್ಯಾಪ್‌ಟಾಪಿನಲ್ಲೋ, ಕೇಬಲ್ಲಿನಲ್ಲೋ, ಪ್ರೊಜೆಕ್ಟರಿನಲ್ಲೋ ಎಂಬುದನ್ನು ಕೆಳಕಂಡಂತೆ ತಿಳಿಯಬಹುದು.

(ಅ) ಪ್ರೊಜೆಕ್ಟರಿನ ರಿಮೋಟಿನಲ್ಲಿ ಮೆನು ಗುಂಡಿಯನ್ನು ಒತ್ತಿರಿ. ಮೆನುವಿನ ಅಕ್ಷರಗಳನ್ನು ಪ್ರೊಜೆಕ್ಟರ್ ತಾನೇ ರಚಿಸುತ್ತದೆ. ಅವು ಕೇಬಲ್ ಮೂಲಕ ಬರುವುದಿಲ್ಲ. ಹಿನ್ನೆಲೆಯ ಚಿತ್ರ ಕದಡಿದ್ದು ಮೆನು ಸ್ವಚ್ಛವಾಗಿದ್ದರೆ ಪ್ರೊಜೆಕ್ಟರಿನ ದೀಪ, ಮಸೂರ ಹಾಗೂ ಚಿತ್ರ ಮೂಡಿಸುವ ಭಾಗ ಸರಿಯಾಗಿವೆ ಎಂದರ್ಥ. ಮೆನುವೂ ಕದಡಿದ್ದರೆ ದೋಷವು ಪ್ರೊಜೆಕ್ಟರಿನದೇ ಇರುವ ಸಂಭವ ಹೆಚ್ಚು.

(ಆ) ಅದೇ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಸ್ವಂತ ಪರದೆಯನ್ನು ನೋಡಿರಿ. ಅಲ್ಲಿಯೂ ಚಿತ್ರ ಕದಡಿದ್ದರೆ ಕೇಬಲ್ಲನ್ನು ದೂರುವುದು ತರವಲ್ಲ.

(ಇ) ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿನ ಸಮೀಪಕ್ಕೆ ಒಯ್ದು, ಒಂದೂವರೆ ಅಥವಾ ಎರಡು ಮೀಟರಿನ ಬೇರೊಂದು ಕೇಬಲ್‌ನಿಂದ ನೇರವಾಗಿ ಜೋಡಿಸಿರಿ. ಚಿತ್ರ ಸರಿಹೋದರೆ ಗೋಡೆಯೊಳಗಿನ ಉದ್ದ ಕೇಬಲ್ ಅಥವಾ ಅದರ ಜೋಡಣೆಗಳಲ್ಲಿಯೇ ದೋಷವಿದೆ. ಇಂಥ ಗಿಡ್ಡ ಕೇಬಲ್ಲೊಂದು ಪ್ರತಿ ಪಂಚಾಯತಿ ಕಚೇರಿಯಲ್ಲಿ ಸದಾ ಇರುವುದು ಒಳಿತು.

ಪರದೆಯ ಮೇಲೆ "ನೋ ಸಿಗ್ನಲ್" ಎಂದು ಮಾತ್ರ ಕಂಡರೆ, ಪ್ರೊಜೆಕ್ಟರಿನಲ್ಲಿ ಸರಿಯಾದ ಮೂಲವನ್ನು ಆಯ್ಕೆ ಮಾಡಲಾಗಿದೆಯೇ ಎಂದು ಮೊದಲು ನೋಡತಕ್ಕದ್ದು. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀಲಿಯೊಂದಿಗೆ ಪಿ ಅಕ್ಷರವನ್ನು ಒತ್ತಿ "ಡೂಪ್ಲಿಕೇಟ್" ಆಯ್ಕೆ ಮಾಡಬೇಕು. ಇದು ಕೇಬಲ್ ದೋಷವಲ್ಲ.

3. ಲಕ್ಷಣದಿಂದ ಕಾರಣವನ್ನು ಅರಿಯುವುದು

ಸರಿಯುವ ಅಡ್ಡ ಪಟ್ಟೆಗಳು: ವಿಜಿಎ ಚಿತ್ರದ ಮೇಲೆ ಅಗಲವಾದ ಮಸುಕು ಪಟ್ಟೆಗಳು ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದು, ಧ್ವನಿವರ್ಧಕದಲ್ಲಿ ಗುಂಯ್ ಎಂಬ ಸದ್ದೂ ಇದ್ದರೆ, ಅದು ಬಹುತೇಕ ಭೂಸಂಪರ್ಕದ ಸುತ್ತು. ಲ್ಯಾಪ್‌ಟಾಪ್ ಒಂದು ಸಾಕೆಟ್ಟಿನಿಂದ, ಚಾವಣಿಯ ಪ್ರೊಜೆಕ್ಟರ್ ಮತ್ತೊಂದು ಸಾಕೆಟ್ಟಿನಿಂದ ವಿದ್ಯುತ್ ಪಡೆಯುವಾಗ ಎರಡು ಕಡೆಯ ಅರ್ಥಿಂಗಿನ ನಡುವೆ ಅಲ್ಪ ವೋಲ್ಟೇಜ್ ವ್ಯತ್ಯಾಸವಿರಬಹುದು. ಆ ವ್ಯತ್ಯಾಸದಿಂದಾಗಿ ವಿಡಿಯೊ ಕೇಬಲ್ಲಿನ ಹೊರಕವಚದ ಮೂಲಕ ಸಣ್ಣ ವಿದ್ಯುತ್ ಹರಿಯುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಲ್ಯಾಪ್‌ಟಾಪಿನ ಚಿತ್ರವು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಇವೆರಡೂ ಒಂದಕ್ಕೊಂದು ಹೊಂದದ ಕಾರಣ ಪಟ್ಟೆಯು ಒಂದೆಡೆ ನಿಲ್ಲದೆ ಸರಿಯುತ್ತಿರುತ್ತದೆ.

ಇದನ್ನು ಖಚಿತಪಡಿಸಲು ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿರಿ. ಪಟ್ಟೆ ಮಾಯವಾದರೆ ಕಾರಣ ಸಿಕ್ಕಿತು. ಮಾಯವಾಗದಿದ್ದರೆ ಲ್ಯಾಪ್‌ಟಾಪಿನಿಂದ ಮೈಕ್ ಆಂಪ್ಲಿಫೈಯರಿಗೆ ಹೋಗುವ ತಂತಿಯನ್ನು ಕಿತ್ತು ನೋಡಿರಿ. ಸುತ್ತು ಆ ದಾರಿಯಿಂದಲೂ ಆಗಬಹುದು. ಮನೆಗಳಲ್ಲಿ ಕೇಬಲ್ ಟಿವಿ ಅಥವಾ ಡಿಶ್ ತಂತಿಯೂ ಹೀಗೆಯೇ ಕಾರಣವಾಗುತ್ತದೆ.

ಅಕ್ಷರಗಳ ಬಲಕ್ಕೆ ನೆರಳು: ವಿಜಿಎ ಕೇಬಲ್ 75 ಓಮ್ ಪ್ರತಿರೋಧಕ್ಕೆ ಹೊಂದುವಂತೆ ತಯಾರಾಗಿರಬೇಕು. ಅಗ್ಗದ ಕೇಬಲ್, ನಡುವೆ ಹಾಕಿದ ಜೋಡಣೆ ಅಥವಾ ಹೊಂದದ ಕನೆಕ್ಟರ್ ಇದ್ದಲ್ಲಿ ಸಂಕೇತದ ಒಂದು ಅಂಶ ಪ್ರತಿಫಲಿಸಿ ತಡವಾಗಿ ತಲುಪುತ್ತದೆ. ಕೇಬಲ್ಲಿನಲ್ಲಿ ಸಂಕೇತವು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 15 ಮೀಟರ್ ಕೇಬಲ್ಲಿನಲ್ಲಿ ಹೋಗಿ ಬರುವ 30 ಮೀಟರ್ ದೂರಕ್ಕೆ ಹಿಡಿಯುವ ಕಾಲ ಅತ್ಯಲ್ಪವೇ ಆದರೂ, 1024×768 ಚಿತ್ರದಲ್ಲಿ ಅಷ್ಟರೊಳಗೆ ಸುಮಾರು ಹತ್ತು ಚುಕ್ಕೆಗಳು ಮೂಡಿಬಿಟ್ಟಿರುತ್ತವೆ. ಆದುದರಿಂದಲೇ ಪ್ರತಿ ಅಕ್ಷರದ ಬಲಗಡೆ ಮಸುಕಾದ ಇನ್ನೊಂದು ಅಕ್ಷರ ಕಾಣುತ್ತದೆ. ಇದಕ್ಕೆ ಕೇಬಲ್ ಬದಲಾವಣೆಯೇ ಪರಿಹಾರ.

ಒಂದು ಬಣ್ಣ ಇಲ್ಲವಾಗುವುದು: ಬಿಳಿಯ ಹಿನ್ನೆಲೆ ಹಳದಿಯಾಗಿ ಕಂಡರೆ ನೀಲಿಯ ತಂತಿ ಕಡಿದಿದೆ, ನೇರಳೆಗೆಂಪಾಗಿ ಕಂಡರೆ ಹಸಿರಿನ ತಂತಿ, ಹಸಿರು ಬೆರೆತ ನೀಲಿಯಾಗಿ ಕಂಡರೆ ಕೆಂಪಿನ ತಂತಿ. ಕೇಬಲ್ ತೆಗೆದು ಪಿನ್ ಬಾಗಿದೆಯೇ ನೋಡಿರಿ. ಒಂಬತ್ತನೆಯ ಪಿನ್ ಕೆಲವು ಕೇಬಲ್‌ಗಳಲ್ಲಿ ತಯಾರಿಕೆಯಿಂದಲೇ ಇರುವುದಿಲ್ಲ. ಅದನ್ನು ಮುರಿದಿದೆ ಎಂದು ತಿಳಿಯಬೇಕಾಗಿಲ್ಲ.

ನಿಂತ ಪಟ್ಟೆಗಳು, ನಡುಗುವ ಅಕ್ಷರಗಳು: ವಿಜಿಎ ಚಿತ್ರದಲ್ಲಿ ಉದ್ದುದ್ದ ಪಟ್ಟೆಗಳು ಸರಿಯದೆ ನಿಂತಿದ್ದರೆ ಅಥವಾ ಸಣ್ಣ ಅಕ್ಷರಗಳು ನಡುಗಿದರೆ, ಪ್ರೊಜೆಕ್ಟರಿನ "ಆಟೊ" ಗುಂಡಿಯನ್ನು ಒಮ್ಮೆ ಒತ್ತಿರಿ. ಲ್ಯಾಪ್‌ಟಾಪಿನ ಚುಕ್ಕೆಗಳ ಲಯಕ್ಕೆ ಪ್ರೊಜೆಕ್ಟರ್ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಬಹಳಷ್ಟು ಸಲ ಇಷ್ಟೇ ಸಾಕಾಗುತ್ತದೆ.

ಮಿನುಗುವ ಚುಕ್ಕೆಗಳು, ಆಗಾಗ ಕಪ್ಪಾಗುವ ಪರದೆ: ಇವು ಎಚ್‌ಡಿಎಂಐ ಕೇಬಲ್ ತನ್ನ ಶಕ್ತಿಯ ಅಂಚಿನಲ್ಲಿದೆಯೆಂಬುದರ ಸೂಚನೆ. 1920×1080 ಚಿತ್ರವನ್ನು ಸೆಕೆಂಡಿಗೆ 60 ಬಾರಿ ಕಳುಹಿಸಲು ಕೇಬಲ್ ಸುಮಾರು 445 ಕೋಟಿ ಬಿಟ್‌ಗಳನ್ನು ಪ್ರತಿ ಸೆಕೆಂಡಿಗೆ ಸಾಗಿಸಬೇಕು. 1280×720ಕ್ಕೆ ಇಳಿಸಿದರೆ ಭಾರ ಅರ್ಧಕ್ಕಿಳಿಯುತ್ತದೆ. ಇಳಿಸಿದಾಗ ಚಿತ್ರ ಸರಿಹೋದರೆ ಕೇಬಲ್ಲಿನ ಉದ್ದ ಅಥವಾ ಗುಣಮಟ್ಟವೇ ದೋಷ. ಸಭೆಯ ನಡುವೆ ಹೀಗಾದಾಗ ಇದೇ ತಾತ್ಕಾಲಿಕ ಪರಿಹಾರವೂ ಹೌದು. ಫ್ಯಾನ್ ಅಥವಾ ಟ್ಯೂಬ್‌ಲೈಟ್ ಸ್ವಿಚ್ ಹಾಕಿದ ಕ್ಷಣದಲ್ಲಿಯೇ ಪರದೆ ಕಪ್ಪಾಗಿ ಮರಳಿದರೆ, ಆ ಸ್ವಿಚ್ಚಿನ ವಿದ್ಯುತ್ ಕಿಡಿ ಕೇಬಲ್ಲಿಗೆ ತಾಗುತ್ತಿದೆ ಎಂದು ತಿಳಿಯಬೇಕು.

4. ಸರಿಪಡಿಸುವ ಕ್ರಮಗಳು

(1) ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮತ್ತು ಆಂಪ್ಲಿಫೈಯರ್ ಮೂರಕ್ಕೂ ಸಾಧ್ಯವಾದಷ್ಟು ಒಂದೇ ಸಾಕೆಟ್ ಅಥವಾ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ವಿದ್ಯುತ್ ಒದಗಿಸತಕ್ಕದ್ದು. ಭೂಸಂಪರ್ಕದ ಸುತ್ತು ಇದರಿಂದ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

(2) ವಿಡಿಯೊ ಕೇಬಲ್ಲನ್ನು ವಿದ್ಯುತ್ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆಯಕೂಡದು. ಎರಡೂ ಪಕ್ಕಪಕ್ಕದಲ್ಲಿ ಸಾಗಬೇಕಾದಲ್ಲಿ ಒಂದು ಅಡಿ ಅಂತರವಿರಲಿ; ದಾಟಬೇಕಾದಲ್ಲಿ ಅಡ್ಡಡ್ಡವಾಗಿ ದಾಟಿಸಿರಿ. ಹೆಚ್ಚಾದ ಕೇಬಲ್ಲನ್ನು ಯುಪಿಎಸ್ ಅಥವಾ ಸ್ಟೆಬಿಲೈಸರಿನ ಮೇಲೆ ಸುರುಳಿ ಸುತ್ತಿ ಇಡಬಾರದು.

(3) ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಹಳೆಯ ಟ್ಯೂಬ್‌ಲೈಟ್ ಹಾಗೂ ಕಡಿಮೆ ದರದ ಇನ್ವರ್ಟರುಗಳು ವಿದ್ಯುತ್ ಗದ್ದಲವನ್ನುಂಟುಮಾಡುತ್ತವೆ. ಒಂದೊಂದನ್ನೇ ಆರಿಸಿ, ಪ್ರತಿ ಬಾರಿಯೂ ಪರದೆಯನ್ನು ನೋಡಿರಿ. ಒಮ್ಮೆಗೇ ಎಲ್ಲವನ್ನೂ ಆರಿಸಿದರೆ ತಪ್ಪಿತಸ್ಥ ಯಾವುದೆಂದು ತಿಳಿಯುವುದಿಲ್ಲ.

(4) ವಿಜಿಎ ಕನೆಕ್ಟರಿನ ತಿರುಪುಗಳನ್ನು ಎರಡೂ ತುದಿಗಳಲ್ಲಿ ಬಿಗಿಗೊಳಿಸಿರಿ. ಎಚ್‌ಡಿಎಂಐಗೆ ತಿರುಪಿಲ್ಲದ ಕಾರಣ ಚಾವಣಿಯಲ್ಲಿ ಕೇಬಲ್ಲಿನ ಭಾರ ಕನೆಕ್ಟರಿನ ಮೇಲೆ ಬೀಳದಂತೆ ಕಟ್ಟತಕ್ಕದ್ದು.

(5) ಸುಮಾರು 10 ಮೀಟರಿಗಿಂತ ಹೆಚ್ಚು ದೂರಕ್ಕೆ ಸಾಧಾರಣ ಎಚ್‌ಡಿಎಂಐ ಕೇಬಲ್ಲನ್ನು ನೆಚ್ಚುವುದು ಸೂಕ್ತವಲ್ಲ. ಅಂಥ ಕಡೆ ಆಪ್ಟಿಕಲ್ ಫೈಬರ್ ಎಚ್‌ಡಿಎಂಐ ಕೇಬಲ್ ಅಥವಾ ಕ್ಯಾಟ್-6 ತಂತಿಯ ಎಕ್ಸ್‌ಟೆಂಡರ್ ಬಳಸಬಹುದು. ಫೈಬರ್ ಕೇಬಲ್ಲಿಗೆ ದಿಕ್ಕಿದೆ: "ಸೋರ್ಸ್" ಎಂದು ಬರೆದ ತುದಿ ಲ್ಯಾಪ್‌ಟಾಪಿಗೂ "ಡಿಸ್‌ಪ್ಲೇ" ಎಂದು ಬರೆದ ತುದಿ ಪ್ರೊಜೆಕ್ಟರಿಗೂ ಸೇರಬೇಕು. ತಿರುಗುಮುರುಗಾದರೆ ಚಿತ್ರವೇ ಬಾರದು.

(6) ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಸಣ್ಣ ಪರಿವರ್ತಕಗಳೂ ಕಲಬೆರಕೆಗೆ ಕಾರಣವಾಗಬಲ್ಲವು. ಪ್ರೊಜೆಕ್ಟರಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದಲ್ಲಿ ಪರಿವರ್ತಕವನ್ನು ಬಿಟ್ಟು ನೇರವಾಗಿ ಜೋಡಿಸಿರಿ.

5. ಎಂದಿಗೂ ಮಾಡಬಾರದ ಕೆಲಸ

ಪಟ್ಟೆ ಹೋಗಲೆಂದು ಪ್ಲಗ್ಗಿನ ದಪ್ಪನೆಯ ಮೂರನೇ ಪಿನ್ನನ್ನು ಮುರಿಯುವುದು ಅಥವಾ ಅರ್ಥಿಂಗ್ ತಂತಿಯನ್ನು ಬಿಚ್ಚುವುದು ಕೆಲವೆಡೆ ರೂಢಿಯಲ್ಲಿದೆ. ಇದರಿಂದ ಪಟ್ಟೆ ಹೋಗಬಹುದು. ಆದರೆ ಉಪಕರಣದೊಳಗೆ ವಿದ್ಯುತ್ ಸೋರಿದಲ್ಲಿ ಭೂಮಿಗೆ ಹೋಗಬೇಕಾದ ಪ್ರವಾಹ ಅದನ್ನು ಮುಟ್ಟಿದವರ ಮೈಯ ಮೂಲಕ ಹಾಯುತ್ತದೆ. ಲೋಹದ ಮೈಕ್ ಹಿಡಿದು ಮಾತನಾಡುವವರು ಹಳ್ಳಿಯ ಹಿರಿಯರಿರಬಹುದು, ಶಾಲೆಯ ಮಗುವಿರಬಹುದು. ಆದುದರಿಂದ ಈ ಕ್ರಮವನ್ನು ಯಾವ ಸಂದರ್ಭದಲ್ಲಿಯೂ ಅನುಸರಿಸಕೂಡದು.

ಕೇಬಲ್ಲಿನ ಲೋಹದ ತುದಿಯನ್ನೋ ಪ್ರೊಜೆಕ್ಟರಿನ ಮೈಯನ್ನೋ ಮುಟ್ಟಿದಾಗ ಜುಮ್ಮೆಂದರೆ ಮುಖ್ಯ ಸ್ವಿಚ್ಚನ್ನು ಆರಿಸಿ ಬಳಕೆ ನಿಲ್ಲಿಸಿ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಕಟ್ಟಡದ ಅರ್ಥಿಂಗನ್ನು ಪರೀಕ್ಷೆ ಮಾಡಿಸತಕ್ಕದ್ದು. ಇಂಥ ಸಂದರ್ಭದಲ್ಲಿ ಪರದೆಯ ಪಟ್ಟೆಯು ಕಟ್ಟಡದ ದೋಷವನ್ನು ಮುಂಚಿತವಾಗಿ ತಿಳಿಸಿದ ಎಚ್ಚರಿಕೆಯೆಂದೇ ಭಾವಿಸಬೇಕು.

6. ಸದಸ್ಯರು ಗಮನಿಸಬೇಕಾದ ಅಂಶಗಳು

ಸಭೆಗೆ ಒಂದು ದಿನ ಮೊದಲು ಸಭಾಂಗಣದಲ್ಲಿ ಫ್ಯಾನ್, ದೀಪ, ಮೈಕ್ ಎಲ್ಲವನ್ನೂ ಹಾಕಿ, ಸಾಧ್ಯವಾದರೆ ಇನ್ವರ್ಟರ್ ಅಥವಾ ಜನರೇಟರಿನ ಮೇಲೂ, ಪ್ರೊಜೆಕ್ಟರನ್ನು ಅರ್ಧ ಗಂಟೆ ನಡೆಸಿ ನೋಡುವಂತೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳೊಂದಿಗೆ ಮಾತನಾಡಿರಿ. ಖಾಲಿ ಸಭಾಂಗಣದಲ್ಲಿ ಎಲ್ಲವನ್ನೂ ಆರಿಸಿ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ.

ಹೊಸ ಪ್ರೊಜೆಕ್ಟರಿನ ಖರೀದಿ ಪ್ರಸ್ತಾವನೆ ನಿಮ್ಮ ಮುಂದೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಮೆನು ಸ್ವಚ್ಛವಾಗಿ ಕಾಣುತ್ತದೆಯೇ? ಗಿಡ್ಡ ಕೇಬಲ್ಲಿನಿಂದ ಪರೀಕ್ಷಿಸಲಾಗಿದೆಯೇ? ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ ನೋಡಲಾಗಿದೆಯೇ? ಈ ಮೂರಕ್ಕೂ ಉತ್ತರ ದೊರೆತ ಬಳಿಕವೇ ಖರೀದಿಯ ವಿಚಾರಕ್ಕೆ ಹೋಗುವುದು ಸರಿ. ಬದಲಿಸಿದ ಕೇಬಲ್ಲಿನ ವಿಧ, ಉದ್ದ ಮತ್ತು ಅಳವಡಿಸಿದ ದಿನಾಂಕವನ್ನು ದಾಸ್ತಾನು ವಹಿಯಲ್ಲಿ ನಮೂದಿಸಿದರೆ ಮುಂದಿನವರ ಶ್ರಮ ಉಳಿಯುತ್ತದೆ.

ಕೊನೆಯದಾಗಿ, ಪರದೆಯಲ್ಲಿ ತೋರಿಸುವ ಪ್ರತಿಯೊಂದು ಪಟ್ಟಿಯ ಮುದ್ರಿತ ಪ್ರತಿಗಳು ಸಭೆಯಲ್ಲಿರಲಿ ಹಾಗೂ ಒಂದು ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿರಿ. ಚಿತ್ರ ನಿಂತರೂ ಸಭೆ ನಿಲ್ಲಬಾರದು. ಪರದೆ ಕಪ್ಪಾದರೂ ಪಟ್ಟಿ ಜನರ ಕೈಯಲ್ಲಿರಬೇಕು. ಆಗ ಕೇಬಲ್ಲಿನ ದೋಷವು ಕೇಬಲ್ಲಿನ ದೋಷವಾಗಿಯೇ ಉಳಿಯುತ್ತದೆ. ಪಂಚಾಯತಿಯ ಮೇಲಿನ ನಂಬಿಕೆಗೆ ಧಕ್ಕೆ ತರುವುದಿಲ್ಲ.